ಕ್ರೋಶಾ ಹಾಟ್‌ಪ್ಯಾಡ್ ಕಿಟ್: ಡಿಸೈನಿಗೆ ಫುಲ್ ಮಾರ್ಕ್ಸ್, ದಾರಕ್ಕೆ ಸೊನ್ನೆ

ಪೂರ್ತಿ ಓದೋಕೆ ಪುರುಸೊತ್ತಿಲ್ಲದೋರಿಗೆ ಮೊದಲೇ ಹೇಳ್ಬಿಡ್ತೀನಿ. ಈ ಕಿಟ್ ಜೊತೆ ಬರೋ ಡಿಸೈನ್ ಪುಸ್ತಕ ಚಿನ್ನದಂಥದ್ದು, ದಾರ ಮಾತ್ರ ಒಲೆ ಹತ್ರಕ್ಕೂ ತರಬಾರದ್ದು. ಬಿಸಿ ಪಾತ್ರೆ ಇಡೋಕೆ ಅಂತಲೇ ಹೆಣೆಯೋ ವಸ್ತು, ಅದಕ್ಕೆ ಬಿಸಿ ತಡೀದ ದಾರ. ಹೆಂಗಿದೆ ನೋಡಿ. ಕಂಪನಿ ಹೆಸರು ಬರೆಯಲ್ಲ, ಯಾಕಂದ್ರೆ ಹುಡುಕಿದ್ರೆ ಇದೇ ಥರದ ಡಬ್ಬಿ ಇದೇ ಥರದ ಫೋಟೋ ಹಾಕ್ಕೊಂಡು ಹತ್ತಾರು ಜನ ಮಾರ್ತಿದ್ದಾರೆ, ಒಬ್ಬರನ್ನ ಬೈದು ಏನ್ ಬಂತು.

ನಾನು ತುಮಕೂರಲ್ಲಿ ಹೈಸ್ಕೂಲಿಗೆ ಮ್ಯಾಥ್ಸ್ ಹೇಳ್ಕೊಡೋಳು. ಕ್ರೋಶಾ, ಕೊಕ್ಕೆ ಕಡ್ಡೀಲಿ ದಾರ ಹೆಣೆಯೋ ಕೆಲಸ, ನಂಗೆ ಅಷ್ಟಿಷ್ಟು ಗೊತ್ತು, ಅಂದ್ರೆ ಚೈನ್ ಹಾಕೋಕೆ ಬರುತ್ತೆ, ಚೌಕ ಹೆಣೆಯೋಕೆ ಬರುತ್ತೆ, ಒಂದ್ಸಲ ಒಂದು ಮೊಬೈಲ್ ಪೌಚ್ ಅರ್ಧ ಮಾಡಿ ಬಿಟ್ಟಿದ್ದೆ. ನಮ್ಮ ಅತ್ತೆ ಮಾತ್ರ ಇದ್ರಲ್ಲಿ ಎತ್ತಿದ ಕೈ. ಒಂದು ಕಾಲದಲ್ಲಿ ಮನೇಲಿ ಟಿವಿ ಮೇಲೆ, ಮಿಕ್ಸಿ ಮೇಲೆ, ಟೆಲಿಫೋನ್ ಮೇಲೆ, ಎಲ್ಲದರ ಮೇಲೂ ಅವರ ಕೈಯ ಕವರ್ ಇರ್ತಿತ್ತಂತೆ, ಬಾಗಿಲಿಗೆ ಉಲ್ಲನ್ ತೋರಣ ಬೇರೆ. ನಮ್ಮ ಮನೆಯೋರಿಗೆ ಚಿಕ್ಕವರಿದ್ದಾಗ ಹಾಕಿದ್ದ ಕುಲಾವಿ ಇನ್ನೂ ಬೀರುವಲ್ಲಿ ನುಸಿಗುಳಿಗೆ ಜೊತೆ ಭದ್ರವಾಗಿದೆ. ಈಗ ಅವರಿಗೆ ಕಣ್ಣು ಸ್ವಲ್ಪ ಮಂಜು, ಆಪರೇಷನ್ ಆದ್ಮೇಲೆ ಸಣ್ಣ ದಾರ ಕಾಣಲ್ಲ ಅಂತ ಬಿಟ್ಟಿದ್ರು. ದಪ್ಪ ದಾರದ ಕೆಲಸ ಆದ್ರೆ ಇಬ್ರೂ ಕೂತು ಮಾಡಬಹುದಲ್ಲ ಅಂತ ಈ ಕಿಟ್ ತರಿಸಿದ್ದು. 649 ರೂಪಾಯಿ, ಡೆಲಿವರಿ ಫ್ರೀ.

ಇನ್ನೊಂದು ಕಾರಣನೂ ಇತ್ತು, ನಿಜ ಹೇಳ್ಬೇಕಂದ್ರೆ ಅದೇ ದೊಡ್ಡದು. ನಮ್ಮ ಡೈನಿಂಗ್ ಟೇಬಲ್ ಮೇಲೆ ಸಾರಿನ ಪಾತ್ರೆ ಇಟ್ಟು ಇಟ್ಟು ಬಿಳೀ ಬಿಳೀ ಉಂಗುರ ಬಿದ್ದಿದೆ. ಹಳ್ಳಿ ಮನೇಲಿ ಇದಕ್ಕೆಲ್ಲ ಸಿಂಬೆ ಇರ್ತಿತ್ತು, ಬಟ್ಟೆ ಇಲ್ಲ ಹುಲ್ಲು ಸುತ್ತಿ ಮಾಡಿದ್ದು, ಮಡಕೆ ಅಲ್ಲಾಡದ ಹಂಗೆ ಕೂರ್ತಿತ್ತು. ಈಗ ನಾವು ಹಳೇ ಮ್ಯಾಗಜೀನ್ ಇಡ್ತೀವಿ, ನ್ಯೂಸ್‌ಪೇಪರ್ ಇಡ್ತೀವಿ, ಒಂದಿನ ಮಗಳ ಬಯಾಲಜಿ ರೆಕಾರ್ಡ್ ಬುಕ್ ಇಟ್ಟು ಅದೊಂದು ದೊಡ್ಡ ಗಲಾಟೆ ಆಗಿ ಹೋಯ್ತು. ಆ ರಾತ್ರೀನೇ ಆರ್ಡರ್ ಮಾಡಿದ್ದು.

ಡಬ್ಬೀಲಿ ಏನೇನಿತ್ತು ಅಂದ್ರೆ, 50 ಗ್ರಾಂದು ಎರಡು ಉಂಡೆ ದಾರ, ಒಂದು ಕ್ರೀಮ್ ಒಂದು ಮರೂನ್, 4 ಎಂಎಂ ಕಡ್ಡಿ ಒಂದು, ಹಿಡಿಕೆಗೆ ರಬ್ಬರ್ ಇದೆ, ಪ್ಲಾಸ್ಟಿಕ್ ದಬ್ಬಳ ಒಂದು, ಗುರುತು ಹಾಕೋ ಬಣ್ಣದ ಕ್ಲಿಪ್ಪು ಹತ್ತು, ಎಂಟು ಪುಟದ ಕಲರ್ ಪುಸ್ತಕ, ಅದರ ಹಿಂದೆ ವಿಡಿಯೋಗೆ ಕ್ಯೂಆರ್ ಕೋಡ್. ಕಡ್ಡಿ ಚೆನ್ನಾಗಿದೆ, ಸುಳ್ಳು ಹೇಳಬಾರದು. ತಲೆ ನುಣ್ಣಗಿದೆ, ದಾರ ಸಿಕ್ಕಾಕ್ಕೊಳಲ್ಲ, ಎರಡು ಗಂಟೆ ಹಿಡಿದ್ರೂ ಹೆಬ್ಬೆರಳು ನೋಯಲಿಲ್ಲ. ಪಕ್ಕದ ಮನೆಯೋರು ಸೀರೆ ಕುಚ್ಚು ಹಾಕ್ತಾರೆ, ಅವರ ಕಡ್ಡಿ ಸೂಜಿಗಿಂತ ಚೂರು ದಪ್ಪ ಅಷ್ಟೇ, ಇದನ್ನ ಕೈಗೆ ತಗೊಂಡು "ಏನ್ರೀ ಮಿಸ್ ಇದು, ಹಾರೆ ಇದ್ದಂಗಿದೆ" ಅಂತ ನಕ್ರು. ಪ್ಲಾಸ್ಟಿಕ್ ದಬ್ಬಳ ಎರಡನೇ ದಿನಕ್ಕೇ ಬಾಗಿತು, ಸ್ಟೀಲಿಂದು ಕೊಟ್ಟಿದ್ರೆ ಎಷ್ಟು ಜಾಸ್ತಿ ಆಗ್ತಿತ್ತೋ.

ಈಗ ಡಿಸೈನ್. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಇದು ನಿಜವಾಗ್ಲೂ ತಲೆ ಓಡಿಸಿ ಮಾಡಿದ್ದು. ಮಧ್ಯದಲ್ಲಿ ಮ್ಯಾಜಿಕ್ ರಿಂಗ್ ಅಂತ ದಾರದ್ದೇ ಒಂದು ಜಾರುಗುಣಿಕೆ, ಅದರೊಳಗೆ ಕ್ರೀಮಲ್ಲಿ 12 ಕಂಬ. ಕಂಬ ಅನ್ನೋದು ಅತ್ತೆ ಮಾತು, ಉದ್ದ ಹೊಲಿಗೆಗೆ ಅವರು ಹಂಗೇ ಹೇಳೋದು. ಎರಡನೇ ಸುತ್ತು ಮರೂನ್, ಪ್ರತೀ ಕಂಬದ ತಲೆ ಮೇಲೆ ಒಂದೊಂದು ಪಾಪ್‌ಕಾರ್ನ್, ಮಧ್ಯೆ ಎರಡೆರಡು ಚೈನ್. ಪಾಪ್‌ಕಾರ್ನ್ ಅಂದ್ರೆ ಒಂದೇ ತೂತಲ್ಲಿ ಐದು ಕಂಬ ಹಾಕಿ, ಕಡ್ಡೀನ ಹೊರಗೆ ತೆಗೆದು, ಮೊದಲನೇ ಕಂಬದ ತಲೇಲಿ ತೂರಿಸಿ, ಬಿಟ್ಟಿದ್ದ ಕೊಂಡೀನ ಅದರಿಂದ ಎಳೆಯೋದು, ಐದೂ ಒಟ್ಟಿಗೆ ಮುದುಡ್ಕೊಂಡು ಟಪ್ ಅಂತ ಈಚೆಗೆ ಉಬ್ಬುತ್ತೆ. ಮೊದಲನೇದು ಉಬ್ಬಿದಾಗ ನಾನು ಚಿಕ್ಕ ಮಕ್ಕಳ ಥರ ಎಲ್ರಿಗೂ ತೋರಿಸ್ಕೊಂಡು ಬಂದೆ. ಹನ್ನೆರಡೂ ಆದಾಗ ಮಧ್ಯದಲ್ಲಿ ಒಂದು ಹೂವು ಕೂತಂಗೆ ಕಾಣುತ್ತೆ.

ಮೂರನೇ ಸುತ್ತು ಮತ್ತೆ ಕ್ರೀಮ್, ಎರಡು ಪಾಪ್‌ಕಾರ್ನ್ ಮಧ್ಯದ ಸಂದೀಲಿ ಮೂರ್ಮೂರು ಕಂಬ, ಒಟ್ಟು 36. ನಾಲ್ಕನೇ ಸುತ್ತಿಂದ ಶುರುವಾಗುತ್ತೆ ಮಜಾ. ಇಲ್ಲಿ ಕಂಬದ ತಲೇಲಿ ಕಡ್ಡಿ ಚುಚ್ಚೋದಲ್ಲ, ಕೆಳಗಿನ ಸುತ್ತಿನ ಕಂಬದ ಸೊಂಟಕ್ಕೇ ಮುಂದಿನಿಂದ ದಾರ ಸುತ್ತಿ ಎತ್ತೋದು, ಫ್ರಂಟ್ ಪೋಸ್ಟ್ ಅಂತಾರೆ. ಒಂದು ಫ್ರಂಟ್ ಪೋಸ್ಟ್, ಒಂದು ಸಾದಾ, ಒಂದರಲ್ಲಿ ಎರಡು, ಹಿಂಗೇ ಹನ್ನೆರಡು ಸಲ, 48 ಆಯ್ತು. ಮುಂದಿನ ಸುತ್ತಲ್ಲಿ 60, ಅದರ ಮುಂದಿನದ್ರಲ್ಲಿ 72. ಪ್ರತೀ ಸುತ್ತಲ್ಲೂ ಫ್ರಂಟ್ ಪೋಸ್ಟ್ ಮೇಲೆ ಫ್ರಂಟ್ ಪೋಸ್ಟೇ ಬರೋದ್ರಿಂದ ಹೂವಿಂದ ಅಂಚಿನ ತನಕ ಹನ್ನೆರಡು ಗೆರೆ ಎದ್ದು ಕಾಣ್ತವೆ, ರಥದ ಗಾಲಿ ಥರ. ಬಣ್ಣ ಸುತ್ತಿಗೊಂದ್ಸಲ ಬದಲಾಗೋದ್ರಿಂದ ಕ್ರೀಮ್ ಸುತ್ತಿನ ಮೇಲೆ ಮರೂನ್ ಕಂಬ ಹಾದು ಕೆಳಗಿಳಿದಂಗೆ ಕಾಣುತ್ತೆ. ಎರಡೇ ಬಣ್ಣ, ಅದೂ ಒಂದು ಸುತ್ತಿಗೆ ಒಂದೇ ಬಣ್ಣದ ದಾರ ಕೈಲಿರೋದು, ಆದ್ರೆ ನೋಡಿದೋರು ಎರಡೂ ದಾರ ಒಟ್ಟಿಗೆ ನೇಯ್ದಿದೀರ ಅಂತ ಕೇಳ್ತಾರೆ. ಕಡೇ ಸುತ್ತು ಎಡದಿಂದ ಬಲಕ್ಕೆ ಉಲ್ಟಾ ಹಾಕ್ಕೊಂಡು ಹೋಗೋ ಏಡಿ ಹೊಲಿಗೆ, ಅಂಚು ಹುರಿ ಹೊಸೆದಂಗೆ ಗಟ್ಟಿ ಆಗುತ್ತೆ. ಅದಕ್ಕೆ ಏಡಿ ಅಂತ ಯಾಕೆ ಅಂತಾರೋ ಹಾಕಿದ್ರೆ ತಾನೇ ಗೊತ್ತಾಗುತ್ತೆ, ಕೈ ಹಿಂದಕ್ಕೆ ನಡೀತಿರುತ್ತೆ, ಮನಸ್ಸು ಮುಂದಕ್ಕೆ ಎಳೀತಿರುತ್ತೆ.

ಇಷ್ಟೆಲ್ಲಾ ಚೆನ್ನಾಗಿದ್ರೂ ಪುಸ್ತಕದಲ್ಲಿ ಒಂದು ಎಡವಟ್ಟಿದೆ, ಅದು ನಮ್ಮಿಬ್ಬರ ಎರಡು ಸಂಜೆ ತಿಂದಾಕ್ತು. ಪುಸ್ತಕದಲ್ಲಿ ಎಲ್ಲಾ ಕಡೆ ಬರೀ "ಡಬಲ್ ಕ್ರೋಶಾ" ಅಂತ ಇದೆ. ಅಮೆರಿಕದೋರ ಡಬಲ್ಲೋ ಇಂಗ್ಲೆಂಡಿನೋರ ಡಬಲ್ಲೋ ಅಂತ ಎಲ್ಲೂ ಹೇಳಿಲ್ಲ. ಇವೆರಡೂ ಬೇರೆ ಬೇರೆ ಕಣ್ರೀ. ಅಮೆರಿಕದ ಲೆಕ್ಕದಲ್ಲಿ ಡಬಲ್ ಅಂದ್ರೆ ಉದ್ದ ಕಂಬ, ಇಂಗ್ಲೆಂಡಿನ ಲೆಕ್ಕದಲ್ಲಿ ಅದೇ ಉದ್ದ ಕಂಬಕ್ಕೆ ಟ್ರೆಬಲ್ ಅಂತ ಹೆಸರು, ಅಲ್ಲಿ ಡಬಲ್ ಅಂದ್ರೆ ಕುಳ್ಳ ಹೊಲಿಗೆ. ನಮ್ಮ ಅತ್ತೆ ಕಲಿತಿದ್ದು ಕಾನ್ವೆಂಟಿನ ಸಿಸ್ಟರ್ ಹತ್ರ, ಹೈಸ್ಕೂಲಲ್ಲಿ, ಅಲ್ಲೆಲ್ಲಾ ಇಂಗ್ಲೆಂಡಿನ ಹೆಸರೇ. "ಡಬಲ್ ಅಂದ್ರೆ ಇದೇ ಕಣಮ್ಮ, ನಂಗೆ ಹೇಳ್ಕೊಡ್ಬೇಡ" ಅಂದ್ರು, ನಾನು ಸುಮ್ಮನೆ ಹಾಕಿದೆ. ಪಾಪ್‌ಕಾರ್ನ್ ಉಬ್ಬಲೇ ಇಲ್ಲ, ಹುರಿಯದೆ ಉಳಿದ ಜೋಳದ ಕಾಳಿದ್ದಂಗೆ ಮೆತ್ತಗೆ ಕೂತಿತ್ತು. ನಾಲ್ಕನೇ ಸುತ್ತಿಗೆ ಅಂಚೆಲ್ಲಾ ಅಲೆ ಅಲೆ. ಐದನೇ ಸುತ್ತು ಮುಗಿಸೋ ಹೊತ್ತಿಗೆ ಅದು ಹಾಟ್‌ಪ್ಯಾಡ್ ಆಗಿರಲಿಲ್ಲ, ಮಗುವಿನ ಲಂಗದ ನೆರಿಗೆ ಆಗಿತ್ತು. ಟೇಬಲ್ ಮೇಲೆ ಇಟ್ಟು ಅಂಗೈಲಿ ಒತ್ತಿದ್ರೆ ಈ ಕಡೆ ಕೂರುತ್ತೆ, ಆ ಕಡೆ ಏಳುತ್ತೆ.

ಇಲ್ಲಿ ನಂಗೆ ಮೇಷ್ಟ್ರು ಬುದ್ಧಿ ಬಂತು, ಸ್ವಲ್ಪ ಸಹಿಸ್ಕೊಳ್ಳಿ. ವೃತ್ತದ ಪರಿಧಿ 2 ಪೈ ಆರ್ ತಾನೇ. ಒಂದು ಸುತ್ತು ಹಾಕಿದಾಗ ತ್ರಿಜ್ಯ ಒಂದು ಹೊಲಿಗೆ ಎತ್ತರದಷ್ಟು ಬೆಳೆಯುತ್ತೆ, ಹಂಗಾದ್ರೆ ಪರಿಧಿ ಎತ್ತರದ 6.28 ಪಟ್ಟು ಬೆಳೀಬೇಕು. ಕುಳ್ಳ ಹೊಲಿಗೆ ಎತ್ತರ ಅಗಲ ಹೆಚ್ಚು ಕಮ್ಮಿ ಒಂದೇ, ಅದಕ್ಕೆ ಸುತ್ತಿಗೆ 6 ಹೊಲಿಗೆ ಸೇರಿಸಿದ್ರೆ ಸಾಕು. ಉದ್ದ ಕಂಬ ಅಗಲದ ಎರಡರಷ್ಟು ಎತ್ತರ, ಅದಕ್ಕೆ 12 ಸೇರಿಸ್ಬೇಕು. ಈ ಡಿಸೈನಲ್ಲಿ 12, ಪಾಪ್‌ಕಾರ್ನ್ ಮಧ್ಯದ ಚೈನ್ 24, 36, 48 ಅಂತ ಹನ್ನೆರಡರ ಮಗ್ಗಿ. ನಾವು ಕುಳ್ಳ ಹೊಲಿಗೆ ಹಾಕ್ಕೊಂಡು ಹನ್ನೆರಡರ ಮಗ್ಗಿ ಹೇಳ್ತಾ ಕೂತಿದ್ವಿ, ಜಾಗ ಇದ್ದದ್ದಕ್ಕಿಂತ ಡಬಲ್ ಜನ ಬಸ್ ಹತ್ತಿದಂಗೆ, ಎಲ್ಲಿಗ್ ಹೋಗ್ತವೆ ಹೊಲಿಗೆ, ಮೇಲೆ ಕೆಳಗೆ ಅಲೆ ಏಳ್ತವೆ ಅಷ್ಟೇ. ಕಮ್ಮಿ ಸೇರಿಸಿದ್ರೆ ಉಲ್ಟಾ, ಬಟ್ಟಲು ಆಗುತ್ತೆ. ಕುಲಾವಿ ಆಗೋದೂ ಇದೇ ಲೆಕ್ಕಕ್ಕೆ. ಅಂದಹಾಗೆ ಈ ನೆರಿಗೆ ಸುಮ್ಮನೆ ತಪ್ಪಲ್ಲ, 1997ರಲ್ಲಿ ಅಮೆರಿಕದ ಕಾರ್ನೆಲ್ ಯೂನಿವರ್ಸಿಟೀಲಿ ಡೈನಾ ತೈಮಿನಾ ಅಂತ ಲಾಟ್ವಿಯಾ ಮೂಲದ ಗಣಿತ ಮೇಡಂ ಇದೇ ಥರ ಬೇಕೂಂತಲೇ ಹೊಲಿಗೆ ಜಾಸ್ತಿ ಮಾಡ್ತಾ ಹೋಗಿ ಹೈಪರ್ಬಾಲಿಕ್ ಜ್ಯಾಮಿತಿಯ, ಅಂದ್ರೆ ಸಪಾಟಾಗಿರದೆ ಎಲ್ಲಾ ಕಡೆ ನೆರಿಗೆ ಥರ ಬಾಗಿರೋ ಮೇಲ್ಮೈಯ ಜ್ಯಾಮಿತಿಯ, ಮಾಡೆಲ್ ಮಾಡಿದ್ರು, ಪೇಪರಲ್ಲಿ ಮಾಡಿದ್ರೆ ಹರಿದು ಹೋಗ್ತಿತ್ತು, ಕ್ರೋಶಾಲಿ ಮಾಡಿದ್ರೆ ಕೈಲಿ ಹಿಡಿದು ಮಡಚಿ ಪಾಠ ಮಾಡಬಹುದು. ನಮ್ಮ ನೆರಿಗೆ ಬಿಚ್ಚೋಕೆ ಮುಂಚೆ ಅದನ್ನ ಸ್ಕೂಲಿಗೆ ತಗೊಂಡು ಹೋಗಿ ಒಂಬತ್ತನೇ ಕ್ಲಾಸಿಗೆ ತೋರಿಸಿದೆ, ಒಬ್ಬ ಹುಡುಗ "ಮಿಸ್ ಇದು ಎಲೆಕೋಸು" ಅಂದ. ಸರಿನೇ ಹೇಳಿದ.

ತಪ್ಪು ಕಂಡುಹಿಡಿದಿದ್ದು ಮಾತ್ರ ನನ್ನ ಪೈ ಅಲ್ಲ, ಅತ್ತೆ. ಪುಸ್ತಕನ ದೂರಕ್ಕೆ ಹಿಡ್ಕೊಂಡು ಇನ್ನೊಂದ್ಸಲ ಓದು ಅಂದ್ರು. ಸುತ್ತಿನ ಶುರುವಿನಲ್ಲಿ "3 ಚೈನ್ ಹಾಕಿ" ಅಂತ ಓದಿದ ತಕ್ಷಣ ತಡೆದ್ರು. "ಮೂರು ಚೈನ್ ಏಣಿ ಹತ್ತಿ ಮೇಲೆ ಹೋಗಿ ಅಲ್ಲಿ ಯಾರಾದ್ರೂ ಕುಳ್ಳ ಹೊಲಿಗೆ ಹಾಕ್ತಾರೇನೇ? ಕುಳ್ಳದಕ್ಕೆ ಒಂದೇ ಚೈನ್ ಸಾಕು. ಇದು ಕಂಬದ ಲೆಕ್ಕ, ಬಿಚ್ಚು ಎಲ್ಲಾ." ಅಲ್ಲಿಗೆ ಮುಗೀತು. ಆದ್ರಿಂದ ನೀವು ಯಾವುದೇ ಪುಸ್ತಕ ತಗೊಂಡ್ರೂ ಮೊದಲು ಈ ಶುರುವಿನ ಚೈನ್ ಎಣಿಸಿ, ಮೂರಿದ್ರೆ ಉದ್ದ ಕಂಬ, ಒಂದಿದ್ರೆ ಕುಳ್ಳ, ಹೆಸರು ಏನೇ ಬರೆದಿರಲಿ.

ವಿಡಿಯೋ ಬಗ್ಗೆ ಎರಡು ಮಾತು. ಹಿಂದೀಲಿದೆ, ಕ್ಯಾಮೆರಾ ಕೈ ಮೇಲೇ ಇದೆ, ಮಾತು ಅರ್ಥ ಆಗದೋರೂ ನೋಡ್ಕೊಂಡು ಮಾಡಬಹುದು. ಪಾಪ್‌ಕಾರ್ನ್ ಮತ್ತೆ ಫ್ರಂಟ್ ಪೋಸ್ಟ್ ತುಂಬಾ ನಿಧಾನವಾಗಿ ತೋರಿಸಿದ್ದಾರೆ. ಬಣ್ಣ ಬದಲಾಯಿಸೋದು ಮಾತ್ರ ಎರಡೇ ಸೆಕೆಂಡಲ್ಲಿ ಹಾರಿಸಿಬಿಟ್ರು, ಎರಡು ಬಣ್ಣದ ಕೆಲಸಕ್ಕೆ ಅದೇ ತಾನೇ ಮುಖ್ಯ? ನಮ್ಮದು ಮೊದಲು ಸುತ್ತು ಮುಗಿದ್ಮೇಲೆ ಹೊಸ ಬಣ್ಣ ಕಟ್ಟಿ ಶುರು ಮಾಡ್ತಿದ್ವಿ, ಜೋಡಣೆ ಹತ್ರ ಹಳೇ ಬಣ್ಣದ ಒಂದು ಚುಕ್ಕೆ ಮೇಲಿನ ಸುತ್ತಿಗೆ ಇಣುಕ್ತಿತ್ತು, ಬಿಳೀ ಪಂಚೆಗೆ ಕುಂಕುಮ ಬಿದ್ದಂಗೆ. ಸರಿಯಾದ ಕ್ರಮ ಏನಂದ್ರೆ ಸುತ್ತಿನ ಕಡೇ ಕಂಬ ಪೂರ್ತಿ ಮುಗಿಸಬಾರದು, ಕಡ್ಡಿ ಮೇಲೆ ಎರಡು ಕೊಂಡಿ ಉಳಿದಾಗ ಹಳೇ ದಾರ ಬಿಟ್ಟು ಹೊಸ ಬಣ್ಣದಿಂದ ಆ ಕಡೇ ಎಳೆತ ಎಳೀಬೇಕು, ಆಗ ಮುಂದಿನ ಕೊಂಡಿ ಹೊಸ ಬಣ್ಣದ್ದೇ ಆಗಿರುತ್ತೆ. ಇನ್ನು ಪುಸ್ತಕದಲ್ಲಿ ಪ್ರತೀ ಸುತ್ತಿಗೂ ದಾರ ಕತ್ತರಿಸಿ ಅಂತ ಹೇಳಿದ್ದಾರೆ. ಹಂಗೆ ಮಾಡಿದ್ರೆ ಹಿಂದೆ ಹದಿನಾಲ್ಕು ಬಾಲ, ಅದನ್ನೆಲ್ಲಾ ದಬ್ಬಳದಲ್ಲಿ ಒಳಗೆ ಸೇರಿಸೋಕೆ ಒಂದು ಸಿನಿಮಾ ನೋಡೋಷ್ಟು ಹೊತ್ತು. ಅತ್ತೆ ಕತ್ತರಿಸೋಕೇ ಬಿಡಲಿಲ್ಲ, ಬಿಟ್ಟ ಬಣ್ಣನ ಹಿಂದೆ ಹಂಗೇ ತೂಗಾಕಿ ಮುಂದಿನ ಸಲ ಮೇಲಕ್ಕೆ ತಗೊಂಡ್ರು. ಹಿಂದಿನ ಭಾಗ ಹೆಂಗೂ ಎರಡನೇ ಪದರದಲ್ಲಿ ಮುಚ್ಚಿ ಹೋಗುತ್ತೆ, ಯಾರ್ ನೋಡ್ತಾರೆ.

ಎರಡನೇ ಪದರ ಅಂದೆ ನೋಡಿ, ಅಲ್ಲೊಂದು ತಕರಾರು. ಹಾಟ್‌ಪ್ಯಾಡ್ ಅಂದ್ಮೇಲೆ ಒಂದು ಪದರ ಸಾಲಲ್ಲ, ಹೊಲಿಗೆ ಮಧ್ಯೆ ಸಂದಿ ಇರುತ್ತಲ್ಲ, ಬಿಸಿ ಸೀದಾ ಟೇಬಲಿಗೆ ಇಳಿಯುತ್ತೆ. ಅದಕ್ಕೆ ಹಿಂದೆ ಸಾದಾ ಕ್ರೀಮ್ ವೃತ್ತ ಇನ್ನೊಂದು ಮಾಡಿ ಎರಡೂ ಸೇರಿಸಿ ಅಂತ ಪುಸ್ತಕದಲ್ಲಿ ಬರೆದಿದೆ. ಸರಿಯಾಗೇ ಬರೆದಿದ್ದಾರೆ, ಆದ್ರೆ ಅದಕ್ಕೆ ಬೇಕಾದಷ್ಟು ದಾರ ಕೊಟ್ಟಿಲ್ಲ! ಹಿಂದಿನ ಪದರದ ಐದನೇ ಸುತ್ತಿಗೆ ಕ್ರೀಮ್ ಖಾಲಿ, ಮರೂನ್ ಉಂಡೆ ಅರ್ಧ ಹಂಗೇ ಉಳಿದಿದೆ. ಕೊನೆಗೆ ಹಿಂದಿನ ಅಂಚು ಮರೂನಲ್ಲಿ ಮುಗಿಸಿದ್ವಿ. ಫೋಟೋ ಹಾಕಿದಾಗ ಎಲ್ಲರೂ ಅದು ಡಿಸೈನು ಅಂದ್ಕೊಂಡ್ರು, ನಾನೂ ಹೌದು ಅಂದೆ.

ಅಂತೂ ಇಂತೂ ನಾಲ್ಕು ಸಂಜೆಗೆ ಮುಗೀತು. ಅಡ್ಡಳತೆ 18 ಸೆಂಟಿಮೀಟರ್, ನೋಡೋಕೆ ಎಷ್ಟು ಚೆಂದ ಅಂದ್ರೆ ಇಬ್ರಿಗೂ ಅದರ ಮೇಲೆ ಪಾತ್ರೆ ಇಡೋಕೆ ಮನಸ್ಸಿಲ್ಲ, ಎರಡು ದಿನ ಶೋಕೇಸಲ್ಲೇ ಇತ್ತು. ಮೂರನೇ ದಿನ ಭಾನುವಾರ, ಚಿತ್ರಾನ್ನಕ್ಕೆ ಒಗ್ಗರಣೆ ಹಾಕ್ತಿದ್ದೆ. ಕಬ್ಬಿಣದ ಒಗ್ಗರಣೆ ಸೌಟು, ಅಮ್ಮನ ಮನೆದು. ಸಾಸಿವೆ ಸಿಡೀತು, ಅನ್ನಕ್ಕೆ ಸುರಿದೆ, ಕೈ ಸೌಟಿಡೋಕೆ ಜಾಗ ಹುಡುಕ್ತು, ಹಾಟ್‌ಪ್ಯಾಡ್ ಇದೆಯಲ್ಲ ಅಂತ ಹೆಮ್ಮೆಯಿಂದ ಅದರ ಮೇಲೆ ಇಟ್ಟೆ. ಚುಂಯ್ ಅಂತ ಸಣ್ಣ ಶಬ್ದ. ಆಮೇಲೆ ವಾಸನೆ, ಪ್ಲಾಸ್ಟಿಕ್ ಬಕೆಟ್ ಸುಟ್ಟಂಗೆ. ಸೌಟು ಎತ್ತಿದ್ರೆ ಒಂದು ಪಾಪ್‌ಕಾರ್ನ್ ಅದರ ತಳಕ್ಕೆ ಅಂಟ್ಕೊಂಡು ಜೊತೆಗೇ ಮೇಲೆ ಬರ್ತಿದೆ, ಮಧ್ಯೆ ಮರೂನ್ ಎಳೆ, ಬಿಸಿ ಬೆಲ್ಲದ ಪಾಕ ಎಳೆದಂಗೆ. ಅತ್ತೆ ಬಂದು ನೋಡಿ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಬೆಂಕಿಪೊಟ್ಟಣ ತಂದ್ರು.

ಉಳಿದಿದ್ದ ಉಂಡೆಯಿಂದ ಒಂದು ಗೇಣು ದಾರ ಕತ್ತರಿಸಿ, ಸಿಂಕ್ ಮೇಲೆ ಇಕ್ಕಳದಲ್ಲಿ ಹಿಡಿದು ತುದಿಗೆ ಕಡ್ಡಿ ಗೀರಿದ್ರು. ಹತ್ತಿ ದಾರ ಆಗಿದ್ರೆ ದೀಪದ ಬತ್ತಿ ಥರ ಉರೀಬೇಕು, ಕಾಗದ ಸುಟ್ಟ ವಾಸನೆ ಬರಬೇಕು, ಬೂದಿ ಬೆರಳಲ್ಲಿ ಉಜ್ಜಿದ್ರೆ ಪುಡಿ ಆಗಬೇಕು. ಇದು ಮೊದಲು ಬೆಂಕಿಯಿಂದ ಹಿಂದಕ್ಕೆ ಮುದುಡಿತು, ಕರಗ್ತು, ಕಪ್ಪು ಹೊಗೆ ಬಿಡ್ತು, ಆರಿದ್ಮೇಲೆ ತುದೀಲಿ ಕಪ್ಪು ಮಣಿ, ಉಗುರಲ್ಲಿ ಒತ್ತಿದ್ರೂ ಒಡೀಲಿಲ್ಲ. ಅಕ್ರಿಲಿಕ್, ಅಂದ್ರೆ ಪ್ಲಾಸ್ಟಿಕ್ ಜಾತಿಯ ಕೃತಕ ದಾರ. ಡಬ್ಬಿ ಮೇಲೆ ಬರೆದಿರೋದು "ಮಿಲ್ಕ್ ಕಾಟನ್". ಆ ಹೆಸರಲ್ಲಿ ಮಾರೋ ದಾರದಲ್ಲಿ ಹತ್ತಿ ಜೊತೆ ಅಕ್ರಿಲಿಕ್ ಬೆರೆಸಿರೋದು ಸಾಮಾನ್ಯ, ಕಾಟನ್ ಅನ್ನೋ ಪದ ನೋಡಿ ಮೋಸ ಹೋಗಿದ್ದು ನನ್ನ ತಪ್ಪೂ ಹೌದು. ಆದ್ರೆ ಎಷ್ಟು ಪರ್ಸೆಂಟ್ ಏನು ಅಂತ ಡಬ್ಬೀಲಾಗಲೀ ಲೇಬಲಲ್ಲಾಗಲೀ ಒಂದಕ್ಷರ ಇಲ್ಲ. ಅಕ್ರಿಲಿಕ್ ಕುಕ್ಕರ್ ಬಿಸಿಗೆ ಕರಗದೇ ಇರಬಹುದು, ಕುಕ್ಕರ್ ತಳ 120 ಡಿಗ್ರಿ ಆಸುಪಾಸು ಅಷ್ಟೇ, ಆದ್ರೂ ಅಷ್ಟಕ್ಕೇ ದಾರ ಜೋಲು ಬಿದ್ದು ಹೊಳಪು ಹೊಡೆಯುತ್ತೆ, ಮತ್ತೆ ಮೊದಲಿನ ಆಕಾರಕ್ಕೆ ಬರಲ್ಲ. ಕಾವಲಿ, ಒಗ್ಗರಣೆ ಸೌಟು, ಖಾಲಿ ಬಾಣಲೆ ಇವೆಲ್ಲ 200 ದಾಟಿರ್ತವೆ, ಅಲ್ಲಿ ಕರಗೋದೇ. ಟೇಬಲ್ ಹಾಳಾದ್ರೆ ಹೋಗ್ಲಿ, ಇದನ್ನೇ ಕೈಲಿ ಮಡಚಿ ಹಿಡ್ಕೊಂಡು ಕಾವಲಿ ಎತ್ತಿದ್ರೆ ಏನ್ ಗತಿ? ಕರಗಿದ ದಾರ ಚರ್ಮಕ್ಕೆ ಅಂಟಿದ್ರೆ ಬಿಡಲ್ಲ.

ಕಸ್ಟಮರ್ ಕೇರಿಗೆ ಫೋಟೋ ಸಮೇತ ಮೆಸೇಜ್ ಹಾಕಿದೆ. ಓಪನ್ ಮಾಡಿದ ಕಿಟ್ ರಿಟರ್ನ್ ಇಲ್ಲ, ಮುಂದಿನ ಆರ್ಡರಿಗೆ 10 ಪರ್ಸೆಂಟ್ ಕೂಪನ್ ಅಂತ ಬಂತು. ಇನ್ನೇನ್ ಮಾತಾಡೋದು ಅವರ ಹತ್ರ.

ಆಮೇಲೆ ನಾವೇ ದಾರ ತಂದ್ವಿ. ಒಂದು ಶನಿವಾರ ಹೇಗೂ ಬೆಂಗಳೂರಿಗೆ ಹೋಗೋದಿತ್ತು, ಮಾದಾವರದಲ್ಲಿ ಬಸ್ ಇಳಿದು ಮೆಟ್ರೋ ಹತ್ತಿದ್ರೆ ಗ್ರೀನ್ ಲೈನಲ್ಲಿ ಸೀದಾ ಚಿಕ್ಕಪೇಟೆ, ಟ್ರಾಫಿಕ್ ತಲೆನೋವಿಲ್ಲ. ಅಲ್ಲಿ ಗಲ್ಲೀಲಿ ಒಂದು ಸಣ್ಣ ದಾರದ ಅಂಗಡಿ, ಅಂಗಡಿಯೋರಿಗೆ "ಬಿಸಿ ಪಾತ್ರೆ ಇಡೋಕೆ ಬೇಕು" ಅಂದ ತಕ್ಷಣ ಅವರೇ ಉಲ್ಲನ್ ಸಾಲು ಬಿಟ್ಟು ಆ ಕಡೆ ತಿರುಗಿ ಆ್ಯಂಕರ್ ನಿಟ್ಟಿಂಗ್ ಕಾಟನ್ ತೆಗೆದಿಟ್ರು. ಕೇಳಿದ್ದಕ್ಕೆ ಒಂದು ತುಂಡು ಸುಟ್ಟೂ ತೋರಿಸಿದ್ರು, ಬೇಜಾರು ಮಾಡ್ಕೊಳ್ಳಲಿಲ್ಲ. ಕ್ರೀಮ್ ಮೂರು ಉಂಡೆ, ಗಾಢ ಹಸಿರು ಎರಡು ತಗೊಂಡೆ, 500ರ ನೋಟಿಗೆ ಚಿಲ್ಲರೆ ವಾಪಸ್ ಬಂತು. ಮರೂನ್ ಬೇಡ ಅಂತ ಅತ್ತೇನೇ ಹೇಳಿದ್ದು, ಕಿಟ್ಟಿನ ಮರೂನ್ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಕ್ರೀಮೆಲ್ಲಾ ಬೀಟ್ರೂಟ್ ಮೊಸರುಬಜ್ಜಿ ಕಲರ್ ಆಗಿತ್ತು, ಅದನ್ನ ಮೇಲೆ ಹೇಳೋದು ಮರೆತೆ. ಹೊಸ ಹಸಿರನ್ನ ಹೆಣೆಯೋಕೆ ಮುಂಚೆ ಒದ್ದೆ ಬಿಳೀ ಕರ್ಚೀಫಲ್ಲಿ ಸುತ್ತಿ ರಾತ್ರಿ ಇಟ್ಟು ನೋಡಿದ್ವಿ, ಕಲೆ ಆಗಲಿಲ್ಲ. ಈ ಟೆಸ್ಟ್ ಯಾರೂ ಬಿಡಬೇಡಿ, ಎರಡು ಬಣ್ಣದ ಕೆಲಸದಲ್ಲಿ ಒಂದು ತಿಳಿ ಒಂದು ಗಾಢ ಇದ್ದಾಗಂತೂ ಬಿಡಲೇಬೇಡಿ.

ಈ ಕಾಟನ್ ಕಿಟ್ಟಿನ ದಾರಕ್ಕಿಂತ ಸಣ್ಣ, ಅದಕ್ಕೆ ಎರಡೆಳೆ ಜೋಡಿಸಿ ಅದೇ 4 ಎಂಎಂ ಕಡ್ಡೀಲಿ ಹಾಕಿದ್ವಿ. ಕೈಗೆ ಸ್ವಲ್ಪ ಬಿಗಿ, ಅಕ್ರಿಲಿಕ್ ಥರ ಜಾರಲ್ಲ, ಎಳೆಯಲ್ಲ, ಪಾಪ್‌ಕಾರ್ನ್ ಮುಚ್ಚುವಾಗ ಮಣಿಕಟ್ಟು ನೋಯುತ್ತೆ. ಆದ್ರೆ ಹೊಲಿಗೆ ಕೆತ್ತಿದಂಗೆ ಕಾಣುತ್ತೆ, ಫ್ರಂಟ್ ಪೋಸ್ಟ್ ಗೆರೆಗಳು ಇದರಲ್ಲೇ ನಿಜವಾಗಿ ಎದ್ದು ನಿಂತಿದ್ದು. ಬಿಸಿ ನೀರಲ್ಲಿ ಒಗೆದ್ಮೇಲೆ ಅರ್ಧ ಸೆಂಟಿಮೀಟರ್ ಕುಗ್ಗಿ ಇನ್ನೂ ಗಟ್ಟಿ ಆಯ್ತು. ಎರಡು ಪದರ ಸೇರಿ ಒಂದು ಸೆಂಟಿಮೀಟರ್ ದಪ್ಪ ಇದೆ. ಕುದೀತಿದ್ದ ಸಾರಿನ ಪಾತ್ರೆ ಇಟ್ಟು ಹತ್ತು ನಿಮಿಷ ಬಿಟ್ಟು ಕೆಳಗೆ ಟೇಬಲ್ ಮುಟ್ಟಿ ನೋಡಿದೆ, ಉಗುರುಬೆಚ್ಚಗೆ ಅಷ್ಟೇ. ಒಗ್ಗರಣೆ ಸೌಟೂ ಇಟ್ಟೆ, ಭಯದಲ್ಲೇ. ಒಂದು ತಿಳಿ ಕಂದು ಕಲೆ ಬಿತ್ತು, ಕರಗಲಿಲ್ಲ. ಒಂದೇ ವಿಷಯ, ಒದ್ದೆ ಇದ್ದಾಗ ಕೈಲಿ ಹಿಡೀಬೇಡಿ, ನೀರು ಕುಡಿದ ಹತ್ತಿ ಬಿಸೀನ ಸೀದಾ ಕೈಗೆ ದಾಟಿಸುತ್ತೆ, ಮಸಿಬಟ್ಟೆ ಒದ್ದೆ ಇದ್ದಾಗ ಸುಟ್ಟುಕೊಂಡೋರಿಗೆ ಇದು ಗೊತ್ತೇ ಇರುತ್ತೆ.

ಡಿಸೈನಲ್ಲೂ ಒಂದು ಕೊರತೆ ಇದೆ, ಬಳಸೋಕೆ ಶುರು ಮಾಡಿದ್ಮೇಲೆ ಗೊತ್ತಾಗಿದ್ದು. ಪಾಪ್‌ಕಾರ್ನ್ ಹೂವು ನಡುಮಧ್ಯೆ ಗುಡ್ಡದ ಥರ ಎದ್ದಿರುತ್ತೆ. ಅಗಲ ತಳದ ಕುಕ್ಕರ್ ಇಟ್ರೆ ಆ ಗುಡ್ಡದ ಮೇಲೆ ಕೂತು ತೂಗಾಡುತ್ತೆ, ಸಾಂಬಾರು ತುಂಬಿದ ಪಾತ್ರೆ ಇಟ್ರಂತೂ ಎದೆ ಧಸಕ್. ನಾವು ಪಾತ್ರೆ ಇಡುವಾಗ ಮಗುಚಿ ಸಪಾಟು ಕಡೆ ಮೇಲೆ ಮಾಡ್ತೀವಿ, ಊಟ ಆದ್ಮೇಲೆ ಹೂವಿನ ಕಡೆ ಮೇಲೆ. ನಂಟರು ಬಂದಾಗ ಗೋಡೆ ಮೊಳೆಗೆ. ಎರಡನೇ ಜೊತೆ ಮಾಡ್ತಿದ್ದೀವಲ್ಲ, ಅದರಲ್ಲಿ ಪಾಪ್‌ಕಾರ್ನ್ ಸುತ್ತನ್ನ ಮಧ್ಯದಿಂದ ತೆಗೆದು ಅಂಚಿನ ಹತ್ರ ಹಾಕಿ ನೋಡೋಣ ಅಂತ ಅತ್ತೆ ಐಡಿಯಾ, ಅಗಲವಾದ ಉಂಗುರ ಆದ್ರೆ ಪಾತ್ರೆ ಸಿಂಬೆ ಮೇಲೆ ಕೂತಂಗೆ ಕೂರುತ್ತಂತೆ.

ಹಂಗಾದ್ರೆ ತಗೋಬೇಕಾ ಬೇಡ್ವಾ? ಕ್ರೋಶಾ ಅ ಆ ಇ ಈ ಗೊತ್ತಿಲ್ಲದೋರಿಗೆ ಇದು ಬೇಡ, ಫ್ರಂಟ್ ಪೋಸ್ಟಲ್ಲೇ ಕಡ್ಡಿ ಎಸೀತೀರ. ಚೈನ್ ಕಂಬ ಬರೋರು ಇದೇ ಕಂಪನಿಯ ಪುಸ್ತಕ ಒಂದೇ ಬಿಡಿಯಾಗಿ ಸಿಗುತ್ತೆ 149ಕ್ಕೆ, ಅದನ್ನ ತಗೊಂಡು ದಾರ ಊರಲ್ಲೇ ಸುಟ್ಟು ನೋಡಿ ತನ್ನಿ. ಪೂರ್ತಿ ಕಿಟ್ಟಿಗೆ ನನ್ನಿಂದ ಎರಡು ಸ್ಟಾರ್, ಒಂದು ಡಿಸೈನಿಗೆ, ಒಂದು ಕಡ್ಡಿಗೆ. ಡಬ್ಬಿ ಮೇಲೆ ದಾರ ಏನು ಅಂತ ನೆಟ್ಟಗೆ ಬರೆದ ದಿನ ಇನ್ನೊಂದು ಸೇರಿಸ್ತೀನಿ.

ಉಳಿದ ಅರ್ಧ ಉಂಡೆ ಮರೂನ್ ಮಿಲ್ಕ್ ಕಾಟನ್ ಎಸೆಯೋಕೆ ಅತ್ತೆ ಬಿಡಲಿಲ್ಲ, ಮೆತ್ತಗಿದೆ, ಮೊದಲು ನಾಲ್ಕು ಸಲ ಒಗೆದು ಬಣ್ಣ ಬಿಡಿಸು, ನಾದಿನಿ ಮೊಮ್ಮಗುವಿಗೆ ಕುಲಾವಿ ಹಾಕ್ತೀನಿ ಅಂತ ಬಾಲ್ಕನೀಲಿ ನೇತು ಹಾಕಿಸಿದ್ದಾರೆ. ಮೂರನೇ ಒಗೆತ ಆಯ್ತು ಇವತ್ತಿಗೆ, ಬಕೆಟ್ ನೀರು ಇನ್ನೂ ಗುಲಾಬಿ.